ಗಾರೆ ಕೆಲಸದಲ್ಲಿ ಪೆಟ್ಟಾದವರ ಹಕ್ಕು: ತಿಪಟೂರು ಸೀಮೆಯ ನೋಟ

ಕಟ್ಟಡ ಕೆಲಸದಲ್ಲಿ ಪೆಟ್ಟಾದ ಕಾರ್ಮಿಕನಿಗೆ, ಅವನು ತೀರಿಕೊಂಡರೆ ಅವನನ್ನೇ ನಂಬಿದ್ದ ಮನೆಯವರಿಗೆ, ಕೆಲಸ ಕೊಟ್ಟವನು ಪರಿಹಾರ ಕೊಡಲೇಬೇಕು. ಭಾರತದಲ್ಲಿ 1923ರ ಈ ಕಾನೂನು 1924ರ ಜುಲೈ 1ರಂದು ಜಾರಿಗೆ ಬಂತು. ಮಾಲೀಕನ ತಪ್ಪಿನಿಂದಲೇ ಅಪಘಾತವಾಯಿತು ಎಂದು ಕಾರ್ಮಿಕ ಸಾಬೀತು ಮಾಡಬೇಕಾಗಿಲ್ಲ. ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಪೆಟ್ಟಾಯಿತು ಎಂದು ತೋರಿಸಿದರೆ ಸಾಕು. ಕಾನೂನು ಇಷ್ಟು ಹಳೆಯದಾದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ಕಡೆಗಳಲ್ಲಿ ಹಕ್ಕು ಕೈತಪ್ಪುವುದುಂಟು. ಏಕೆಂದರೆ ಪೆಟ್ಟಾದ ಆಳು ಆ ದಿನ ಆ ಕೆಲಸದಲ್ಲಿದ್ದ ಎಂಬುದಕ್ಕೆ ಬರಹದ ಗುರುತೇ ಇರುವುದಿಲ್ಲ.

ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ತೆಂಗಿನ ಸೀಮೆ. ಇಲ್ಲಿ ಕಟ್ಟುವ ಕಟ್ಟಡದ ಸ್ವರೂಪವನ್ನೂ ತೆಂಗೇ ತೀರ್ಮಾನಿಸುತ್ತದೆ. ಉಂಡೆ ಕೊಬ್ಬರಿಗೆ ಕಾಯಿಯನ್ನು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ಮೇಲೆ ಒಣಗಲು ಬಿಡಬೇಕು. ಅದಕ್ಕೆ ಎತ್ತರದ ಗೋಡೆಯ, ಗಾಳಿಯಾಡುವ ಶೆಡ್ಡು ಬೇಕು. ಶೆಡ್ಡಿನ ಗೋಡೆ ಏರಿಸುವವರು, ಸಾರವೆ ಕಟ್ಟುವವರು, ಮೋಲ್ಡಿಗೆ ಸೆಂಟ್ರಿಂಗ್ ಹೊಡೆಯುವವರು, ಕಂಬಿ ಕಟ್ಟುವವರು, ಗಾರೆ ಕಲಸಿ ಬಾಂಡಲಿಯಲ್ಲಿ ಹೊರುವ ಹೆಣ್ಣಾಳುಗಳು, ಎಲ್ಲರೂ ಮೇಸ್ತ್ರಿಯ ಬಾಯಿಮಾತಿನ ಮೇಲೆ ಬರುತ್ತಾರೆ. ಹೇಮಾವತಿ ನಾಲೆ, ಎತ್ತಿನಹೊಳೆ ಕಾಲುವೆ, ತುಮಕೂರು–ಶಿವಮೊಗ್ಗ ಹೆದ್ದಾರಿಯ ಅಗಲೀಕರಣದಂಥ ದೊಡ್ಡ ಕೆಲಸಗಳಲ್ಲಿ ಹಾಜರಿ ಪುಸ್ತಕವಾದರೂ ಇರಬೇಕು. ಊರೊಳಗಿನ ಮನೆ ಕೆಲಸದಲ್ಲಿ ಇರುವುದು ಮೇಸ್ತ್ರಿಯ ಜೇಬಿನ ಪಾಕೆಟ್ ಡೈರಿ ಮಾತ್ರ. ಅದರಲ್ಲಿ ಹೆಸರಿನ ಮುಂದೆ ಒಂದು ಗೀಟು ಎಂದರೆ ಪೂರ್ತಿ ದಿನ, ಅರ್ಧ ಗೀಟು ಎಂದರೆ ಅರ್ಧ ದಿನ. ಬಟವಾಡೆ ಮುಗಿದ ಮೇಲೆ ಆ ಹಾಳೆಗೂ ಬೆಲೆಯಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಅಪಘಾತವಾದಾಗ ಅದೇ ಹಾಳೆ ಮುಖ್ಯ ಸಾಕ್ಷಿಯಾಗುತ್ತದೆ.

ದೊಡ್ಡ ದುರಂತಗಳಾದಾಗ ಸರ್ಕಾರವೇ ಸ್ಥಳಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ತೀರಿಕೊಂಡರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರ ಕುಸಿತದಲ್ಲಿಯೂ ಕಾರ್ಮಿಕರು ಜೀವ ಕಳೆದುಕೊಂಡರು. ಅಂಥ ಸಮಯದಲ್ಲಿ ಮಂತ್ರಿಗಳು ಘೋಷಿಸುವ ಹಣ ಸರ್ಕಾರದ ನೆರವು. ಮಾಲೀಕ ಕಾನೂನುಬದ್ಧವಾಗಿ ಕೊಡಬೇಕಾದ ಪರಿಹಾರ ಅದರಿಂದ ತೀರುವುದಿಲ್ಲ. ಹಳ್ಳಿಯಲ್ಲಿ ಸಾರವೆಯಿಂದ ಒಬ್ಬನೇ ಬಿದ್ದು ಸೊಂಟ ಮುರಿದುಕೊಂಡವನಿಗೆ ಯಾವ ಘೋಷಣೆಯೂ ಇಲ್ಲ. ಅವನಿಗೆ ಉಳಿಯುವುದು ಪರಿಹಾರ ಕಾನೂನಿನ ದಾರಿ.

ಆ ಕಾನೂನಿನ ಮೊದಲ ಹೆಸರು ಕಾರ್ಮಿಕರ ಪರಿಹಾರ ಅಧಿನಿಯಮ. 2010ರ ಜನವರಿಯಿಂದ ಅದು ನೌಕರರ ಪರಿಹಾರ ಅಧಿನಿಯಮವಾಯಿತು. ಇದಕ್ಕಿಂತ ಮುಖ್ಯವಾದ ತಿದ್ದುಪಡಿ 2000ದ್ದು. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬರುವ ದಿನಗೂಲಿಯವನು ಮಾಲೀಕನ ವ್ಯಾಪಾರ ವಹಿವಾಟಿಗೆ ಸೇರದ ಕೆಲಸ ಮಾಡುತ್ತಿದ್ದರೆ ಅವನನ್ನು ಕಾನೂನು ಹೊರಗಿಟ್ಟಿತ್ತು. 2000ದಲ್ಲಿ ಆ ಮಾತನ್ನೇ ತೆಗೆದುಹಾಕಲಾಯಿತು. ಒಂದೇ ದಿನದ ಕೂಲಿಗೆ ಬಂದವನೂ ಈಗ ಹಕ್ಕುದಾರ. ಆದರೆ ಈ ಹಕ್ಕು ಅನ್ವಯಿಸಲು ಕಟ್ಟಡ ಒಂದಕ್ಕಿಂತ ಹೆಚ್ಚು ಅಂತಸ್ತಿನದಾಗಿರಬೇಕು ಅಥವಾ ನೆಲದಿಂದ ಸೂರಿನ ತುದಿಗೆ 12 ಅಡಿಯಾದರೂ ಇರಬೇಕು ಎಂದು ಕಾನೂನಿನ ಪಟ್ಟಿ ಹೇಳುತ್ತದೆ. ಅಟ್ಟವಿರುವ ಕೊಬ್ಬರಿ ಶೆಡ್ಡು ಸಾಮಾನ್ಯವಾಗಿ ಈ ಅಳತೆ ದಾಟುತ್ತದೆ. ಕಟ್ಟುವ ಕೆಲಸ ಮಾತ್ರವಲ್ಲ, ದುರಸ್ತಿಯೂ ಕೆಡಹುವ ಕೆಲಸವೂ ಇದರಲ್ಲಿ ಸೇರಿವೆ.

ಪರಿಹಾರ ಕೊಡಬೇಕಾದವರು ಯಾರು ಎಂಬಲ್ಲಿ ತುಸು ಎಚ್ಚರ ಬೇಕು. ರೈತ ತಾನೇ ಆಳುಗಳನ್ನು ಕರೆದು ದಿನಗೂಲಿ ಕೊಟ್ಟು ಶೆಡ್ಡು ಕಟ್ಟಿಸಿದರೆ ಅವನೇ ಮಾಲೀಕ. ಇಡೀ ಕೆಲಸವನ್ನು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ ಮೇಸ್ತ್ರಿಯೇ ಮಾಲೀಕ. ಕೊಬ್ಬರಿ ಮಂಡಿ, ಕಾರ್ಖಾನೆ ಅಥವಾ ದೊಡ್ಡ ಗುತ್ತಿಗೆದಾರ ತನ್ನ ವ್ಯವಹಾರದ ಕೆಲಸವನ್ನೇ ಉಪಗುತ್ತಿಗೆ ಕೊಟ್ಟಿದ್ದರೆ ಕಾರ್ಮಿಕ ನೇರವಾಗಿ ಆ ದೊಡ್ಡವನನ್ನೇ ಕೇಳಬಹುದು. ಕೊಟ್ಟ ಹಣವನ್ನು ಅವನು ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಬರಿಗೈಯ ಮೇಸ್ತ್ರಿಯ ಬೆನ್ನು ಹತ್ತಿ ವರ್ಷಗಳನ್ನು ಕಳೆಯುವುದಕ್ಕಿಂತ ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಹಾಕುವುದು ಮೇಲು.

“ಕುಡಿದಿದ್ದ, ಅದಕ್ಕೇ ಬಿದ್ದ” ಎಂಬ ಮಾತು ಬೇಗ ಹುಟ್ಟಿಕೊಳ್ಳುತ್ತದೆ. ಕುಡಿತ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದು, ಇಂಥ ಆಕ್ಷೇಪಣೆಗಳಿಗೆ ಕಾನೂನಿನಲ್ಲಿ ಜಾಗವಿದೆ ನಿಜ. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಯಾದಾಗ ಅವು ನಿಲ್ಲುವುದಿಲ್ಲ. ಹೆಲ್ಮೆಟ್ಟು, ಬೆಲ್ಟು ಕೊಡದವನು ಅದನ್ನು ಹಾಕಿಕೊಳ್ಳಲಿಲ್ಲವೆಂದು ಕಾರ್ಮಿಕನನ್ನು ದೂರಲೂ ಆಗುವುದಿಲ್ಲ.

ಪರಿಹಾರದ ಮೊತ್ತ ಯಾರದೋ ಕರುಣೆಯ ಅಂದಾಜಲ್ಲ, ಅದಕ್ಕೊಂದು ಸೂತ್ರವಿದೆ. 2020ರ ಜನವರಿ 3ರ ಅಧಿಸೂಚನೆ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 8,000ದಿಂದ 15,000 ರೂಪಾಯಿಗೆ ಏರಿಸಿತು. ದಿನಕ್ಕೆ 600 ರೂಪಾಯಿಯಂತೆ ತಿಂಗಳಲ್ಲಿ 25 ದಿನ ದುಡಿದರೆ ಈ ಮಿತಿ ಮುಟ್ಟುತ್ತದೆ. ಸಾವಾದರೆ ಕೂಲಿಯ ಶೇ. 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಯಾದರೆ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ಮೂವತ್ತು ವರ್ಷದವನ ಗುಣಕ 207.98. 15,000 ಕೂಲಿಯ ಅಂಥ ಗಾರೆಯವನು ಸತ್ತರೆ ಮನೆಯವರಿಗೆ 15,59,850 ರೂಪಾಯಿ. ಬದುಕಿದ್ದೂ ಇನ್ನೆಂದೂ ದುಡಿಯಲಾಗದಿದ್ದರೆ ಅವನಿಗೆ 18,71,820 ರೂಪಾಯಿ. ಹೆಬ್ಬೆರಳು ಹೋದರೆ ಶೇ. 30 ನಷ್ಟವೆಂದು ಕಾನೂನಿನ ಪಟ್ಟಿಯೇ ಹೇಳುತ್ತದೆ. ಅಂದರೆ ಅದೇ ವ್ಯಕ್ತಿಗೆ 5,61,546 ರೂಪಾಯಿ. ಕೆಲ ತಿಂಗಳಲ್ಲಿ ಗುಣವಾಗುವ ಪೆಟ್ಟಾದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25, ಗರಿಷ್ಠ 5 ವರ್ಷದವರೆಗೆ. ಚಿಕಿತ್ಸೆಗೆ ಆದ ಖರ್ಚು ಇದಕ್ಕೆ ಹೊರತಾಗಿ ಸಿಗಬೇಕು. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ.

ಪಟ್ಟಿಯ ಶೇಕಡಾವಾರನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ ಎಂದು ತೋರಿಸಿದ್ದು ಒಡಿಶಾದ ಜೇಪುರದ ಒಬ್ಬ ಬಡಗಿಯ ಪ್ರಕರಣ. 1968ರ ಜುಲೈನಲ್ಲಿ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುವಾಗ ಆತ ಬಿದ್ದ. ಎಡಗೈಯನ್ನು ಮೊಣಕೈ ಬಳಿ ಕತ್ತರಿಸಬೇಕಾಯಿತು. ಭಾಗಶಃ ನಷ್ಟದ ಲೆಕ್ಕ ಹಿಡಿಯಬೇಕೆಂಬುದು ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಆ ಬಡಗಿಯ ಮಟ್ಟಿಗೆ ಇದು ಪೂರ್ಣ ಅಂಗವಿಕಲತೆಯೇ ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಒಪ್ಪಿತು. ವಕೀಲರು ಇದನ್ನು ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣ ಎನ್ನುತ್ತಾರೆ. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನದಿಂದ ಎಂಬ ಮಾತೂ ಅದರಲ್ಲೇ ಇದೆ. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಹೇಳಿತು. ಬೆನ್ನುಹುರಿಗೆ ಪೆಟ್ಟಾಗಿ ಇನ್ನು ಸಾರವೆ ಹತ್ತಲಾಗದ ಗಾರೆಯವನ ಅರ್ಜಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಅವನು ತನ್ನ ಕಸುಬನ್ನು ಮಾಡಬಲ್ಲನೇ?

ಹಕ್ಕು ಉಳಿಯುವುದೋ ಹೋಗುವುದೋ ಎಂಬುದು ಬಹುಮಟ್ಟಿಗೆ ಮೊದಲ ಎರಡು ಮೂರು ದಿನಗಳಲ್ಲಿ ತೀರ್ಮಾನವಾಗುತ್ತದೆ. 108ಕ್ಕೆ ಕರೆ ಮಾಡಬೇಕು. ಎತ್ತರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ತುರುಕಬಾರದು. ಆಸ್ಪತ್ರೆಯಲ್ಲಿ ಡಾಕ್ಟರು “ಏನಾಯಿತು?” ಎಂದು ಕೇಳುವ ಆ ಒಂದು ನಿಮಿಷ ಬಹಳ ದೊಡ್ಡದು. ಮೇಸ್ತ್ರಿಯ ಮುಖ ನೋಡಿಯೋ, ಪೊಲೀಸಿನ ಗೊಡವೆ ಬೇಡವೆಂದೋ “ಬಚ್ಚಲಲ್ಲಿ ಜಾರಿಬಿದ್ದ” ಎಂದು ಬರೆಸಿಬಿಡುವುದುಂಟು. ಮುಂದೆ ಎದುರಾಳಿ ವಕೀಲರು ಮೊದಲು ತೆಗೆದು ತೋರಿಸುವುದು ಆ ಸಾಲನ್ನೇ. ಯಾರ ಕೆಲಸದಲ್ಲಿ, ಎಲ್ಲಿ, ಎಷ್ಟು ಎತ್ತರದಿಂದ ಬಿದ್ದದ್ದು ಎಂಬುದನ್ನು ಇದ್ದಂತೆ ಹೇಳಿ, ವೈದ್ಯಕೀಯ ಕಾನೂನು ಪ್ರಕರಣವೆಂದು, ಅಂದರೆ ಎಂಎಲ್‌ಸಿ ಮಾಡಿಸಬೇಕು. ಠಾಣೆಗೆ ಲಿಖಿತ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅನ್ವಯಿಸುತ್ತದೆ.

ಜೊತೆಯವರು ಅಂದೇ ಮಾಡಬಹುದಾದ ಕೆಲಸಗಳಿವೆ. ಮುರಿದ ಸಾರವೆಯ, ತುಂಡಾದ ಹಗ್ಗದ ಫೋಟೋ ತೆಗೆಯಬೇಕು. ಡೈರಿಯ ಹಾಳೆಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ಕೂಲಿ, “ನಾಳೆ ಬೇಗ ಬಾ” ಎಂದು ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಇವೆಲ್ಲ ಕೆಲಸದ ಸಂಬಂಧಕ್ಕೆ ಸಾಕ್ಷಿಯೇ. ಮೋಲ್ಡಿನ ಕಂಬಿ ಎತ್ತುವಾಗ ವಿದ್ಯುತ್ ತಂತಿ ತಗುಲಿದ್ದರೆ ಬೆಸ್ಕಾಂಗೂ ವಿದ್ಯುತ್ ಪರಿವೀಕ್ಷಕರಿಗೂ ತಿಳಿಸಬೇಕು. ಟಿಪ್ಪರ್, ಟ್ರ್ಯಾಕ್ಟರಿನಿಂದ ಪೆಟ್ಟಾಗಿದ್ದರೆ ಮೋಟಾರು ವಾಹನ ಕಾನೂನಿನಡಿಯೂ ಪರಿಹಾರ ಕೇಳಬಹುದು, ಆದರೆ ಎರಡರಲ್ಲಿ ಒಂದನ್ನು ಮಾತ್ರ. ಇಎಸ್‌ಐ ಕಾರ್ಡು ಇರುವವರ ದಾರಿ ಇಎಸ್‌ಐ ನಿಗಮ.

ಮಾಲೀಕನಿಗೆ ಆದಷ್ಟು ಬೇಗ ಲಿಖಿತ ನೋಟಿಸು ಕೊಡಬೇಕು. ಅಪಘಾತ ಅವನ ಕಣ್ಣೆದುರೇ ಆಗಿದ್ದರೆ ನೋಟಿಸು ಇಲ್ಲವೆಂಬ ನೆಪ ನಡೆಯುವುದಿಲ್ಲ. ಪರಿಹಾರದ ಅರ್ಜಿಗೆ 2 ವರ್ಷದ ಗಡುವಿದೆ, ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸಬಹುದು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಪರಿಹಾರ ಆಯುಕ್ತರಾಗಿ ಈ ಅರ್ಜಿಗಳನ್ನು ವಿಚಾರಿಸುತ್ತ ಬಂದಿದ್ದಾರೆ. ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಕಾರ್ಮಿಕ ಅಥವಾ ಅವನ ಮನೆಯವರು ವಾಸವಿರುವ ಕಡೆಯೂ ಅರ್ಜಿ ಹಾಕಬಹುದು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ತುರುವೇಕೆರೆಯ ಹುಡುಗನಿಗೆ ಅಲ್ಲಿ ಪೆಟ್ಟಾದರೆ ಮನೆಯವರು ಕೋರ್ಟಿಗಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ವಕೀಲರ ಶುಲ್ಕ ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100.

ಹಳ್ಳಿಯಲ್ಲಿ ಇದಕ್ಕೂ ಮೊದಲು ನಡೆಯುವುದು ರಾಜಿ. ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ “ಮುಂದೆ ಯಾವ ತಕರಾರೂ ಇಲ್ಲ” ಎಂದು ಬರೆಸಿ, ಒಂದಿಷ್ಟು ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆ ಕಾಗದಕ್ಕೆ ಹೆದರಬೇಕಾಗಿಲ್ಲ. ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಕಣ್ಣಿನಲ್ಲಿ ಅಸಿಂಧು. ಒಪ್ಪಂದ ಆಯುಕ್ತರ ಮುಂದೆ ನೋಂದಣಿಯಾಗಬೇಕು, ಮೊತ್ತ ಕಡಿಮೆಯೆನಿಸಿದರೆ ಅವರು ಅದನ್ನು ನಿರಾಕರಿಸಬಹುದು. ಸಾವಿನ ಪರಿಹಾರವನ್ನಂತೂ ಮಾಲೀಕ ನೇರವಾಗಿ ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ, ಆಯುಕ್ತರಲ್ಲಿ ಠೇವಣಿ ಇಡಬೇಕು. ವಿಧವೆಯ ಪಾಲನ್ನು ಭಾವ ಮೈದುನರು ನುಂಗದಂತೆ ಕಾಯುವ ಏರ್ಪಾಡು ಇದು.

ಇನ್ನೊಂದು ಬಾಗಿಲು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. 1996ರ ಕಾನೂನು, 2006ರ ರಾಜ್ಯ ನಿಯಮಗಳ ಆಧಾರದ ಮೇಲೆ 2007ರಲ್ಲಿ ಅದು ರೂಪುಗೊಂಡಿತು. ಕಟ್ಟಡದ ವೆಚ್ಚದ ಶೇ. 1ರ ಸೆಸ್ ಅದರ ನಿಧಿ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ನೋಂದಾಯಿತರಿಗೆ ಅಪಘಾತ ಪರಿಹಾರ, ವೈದ್ಯಕೀಯ ನೆರವು, ದುರ್ಬಲತೆ ಪಿಂಚಣಿಗಳಿವೆ. ಕಾರ್ಡು ಇಲ್ಲವೆಂದ ಮಾತ್ರಕ್ಕೆ ಮಾಲೀಕನ ಹೊಣೆ ತಪ್ಪುವುದಿಲ್ಲ. ಮಂಡಳಿಯ ಹಣ ಬಂದಿತೆಂದು ಮಾಲೀಕನ ಪರಿಹಾರವನ್ನು ಬಿಡಬೇಕಾಗಿಯೂ ಇಲ್ಲ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಅಥವಾ 155214 ಸಹಾಯವಾಣಿಯಲ್ಲಿ ವಿವರ ಸಿಗುತ್ತದೆ. ದೇಶದಾದ್ಯಂತ ಈ ಸೆಸ್ ಹಣ ಕೊಳೆಯುತ್ತಿದ್ದು ಕಾರ್ಮಿಕರನ್ನು ತಲುಪುತ್ತಿಲ್ಲವೆಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತ್ತು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1923ರ ಪರಿಹಾರ ಕಾನೂನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯವಾಗಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸಕ್ಕೂ ಅದಕ್ಕೂ ನಂಟಿದ್ದರೆ, ಇನ್ನು ಇದರ ವ್ಯಾಪ್ತಿಗೆ ಬರುತ್ತದೆ. ಬೆಳಗ್ಗೆ ಗೂಡ್ಸ್ ಆಟೋದಲ್ಲಿ ನಿಂತು ಹೋಗುವ ಆಳುಗಳಿಗೆ ಇದು ದೊಡ್ಡ ಲಾಭ. ಔದ್ಯೋಗಿಕ ಸುರಕ್ಷತಾ ಸಂಹಿತೆಯಡಿ ಮಾಲೀಕನಿಗೆ ದಂಡ ಬಿದ್ದರೆ ಅದರಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ಗಾಯಾಳುವಿಗೆ ಅಥವಾ ಸತ್ತವನ ಮನೆಯವರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ.

ಆದರೆ ಸ್ವಂತ ವಾಸಕ್ಕೆ ಕಟ್ಟುವ ಮನೆಗೆ ಸೆಸ್ ವಿನಾಯಿತಿಯ ಮಿತಿಯನ್ನು ಸಾಮಾಜಿಕ ಭದ್ರತಾ ಸಂಹಿತೆ 10 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಿದೆ. ಹತ್ತು ಜನಕ್ಕಿಂತ ಕಡಿಮೆ ಆಳುಗಳ ಕೆಲಸವನ್ನೂ ಸೆಸ್ ಅಧ್ಯಾಯದಿಂದ ಹೊರಗಿಟ್ಟಿದೆ. ಈ ಮೂರು ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಈ ಗೆರೆ ದಾಟುವವು ವಿರಳ. ಮಂಡಳಿಯ ನೋಂದಣಿಗೆ ಬೇಕಾದ 90 ದಿನಗಳನ್ನು ಇಂಥ ಮನೆಗಳಲ್ಲೇ ದುಡಿದವರ ಗತಿ ಏನೆಂಬುದನ್ನು ರಾಜ್ಯ ಸರ್ಕಾರ ತನ್ನ ನಿಯಮಗಳಲ್ಲಿ ಬಿಡಿಸಿ ಹೇಳಬೇಕಿದೆ. ಪರಿಹಾರದ ಅಧ್ಯಾಯಕ್ಕೆ ಮಾತ್ರ ಈ 50 ಲಕ್ಷದ ಗೆರೆಯಿಲ್ಲ. ಐದು ಲಕ್ಷದ ಕೊಬ್ಬರಿ ಶೆಡ್ಡಾದರೂ ಸೂರು 12 ಅಡಿ ಇದ್ದರೆ, ಅಲ್ಲಿ ಬಿದ್ದವನಿಗೆ ಕೆಲಸ ಕೊಟ್ಟವನು ಮೇಲಿನ ಸೂತ್ರದಂತೆಯೇ ಪರಿಹಾರ ಕೊಡಬೇಕಾಗುತ್ತದೆ.