ಡಖಾವ್‌ನ ಗಿಡಮೂಲಿಕೆ ತೋಟ

ಹಸುವಿನ ಕೊಂಬಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಆಮೇಲೆ ನೀರಲ್ಲಿ ಒಂದು ಗಂಟೆ ಕಲಕಿ ಹೊಲಕ್ಕೆ ಚಿಮುಕಿಸೋದು. ಬಯೋಡೈನಾಮಿಕ್ ಕೃಷಿ ಅಂದ್ರೆ ಮೊದಲು ನೆನಪಾಗೋದು ಇದೇ ಅಲ್ವಾ? 1924ರ ಜೂನ್‌ನಲ್ಲಿ, ಆಗ ಜರ್ಮನಿಯಲ್ಲಿದ್ದ ಕೋಬರ್ವಿಟ್ಸ್ ಊರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಎಂಟು ಉಪನ್ಯಾಸಗಳಿಂದ ಇದು ಹುಟ್ಟಿತು. ಮಣ್ಣು, ಬೀಜ ಎರಡೂ ಸೊರಗುತ್ತಿವೆ ಅನ್ನೋದು ರೈತರ ದೂರು. ಕೊಂಬಿನ ಶಕ್ತಿಯನ್ನ ನಾನು ನಂಬಲ್ಲ. ಆದ್ರೆ ಆ ದೂರನ್ನ ತಳ್ಳಿಹಾಕಲಾರೆ.

ಮುಂದಿನ ಕಥೆ ಅಷ್ಟಾಗಿ ಕೇಳಿಬರಲ್ಲ. 1941ರಲ್ಲಿ ನಾಜಿ ಸರ್ಕಾರ ಬಯೋಡೈನಾಮಿಕ್ ರೈತರ ಸಂಘವನ್ನು ಮುಚ್ಚಿಸಿತು. ಪದ್ಧತಿಯನ್ನು ಮಾತ್ರ ಹಿಟ್ಲರನ ಎಸ್‌ಎಸ್ ಪಡೆ ಬಿಡಲಿಲ್ಲ. ಮ್ಯೂನಿಕ್ ಬಳಿಯ ಡಖಾವ್ ಸೆರೆಶಿಬಿರದ ಗಿಡಮೂಲಿಕೆ ತೋಟದಲ್ಲಿ ಅದೇ ಪದ್ಧತಿ ನಡೆಯಿತು. ಮಣ್ಣಿಗೆ ಕಾಂಪೋಸ್ಟ್ ಉಣಿಸುತ್ತಿದ್ದವರು ಅರೆಹೊಟ್ಟೆಯ ಕೈದಿಗಳು. ಎಷ್ಟೋ ಜನ ಅಲ್ಲೇ ಸತ್ತರು. ತೋಟಕ್ಕೊಂದು ಅಂಗಡಿಯೂ ಇತ್ತು. ಸುತ್ತಲಿನ ಜನ ಬಂದು ಗಿಡ, ತರಕಾರಿ ಕೊಂಡೊಯ್ಯುತ್ತಿದ್ದರು.