ಕಸದ ಗುಂಡಿ ಹೇಳಿದ ಕಥೆ

ಇತಿಹಾಸವೆಂದೊಡನೆ ನಾವು ಶಾಸನ, ತಾಮ್ರಪಟಗಳನ್ನು ನೆನೆಯುತ್ತೇವೆ. ಕಸದ ಗುಂಡಿಯನ್ನು ನೆನೆಯುವವರು ವಿರಳ.

1607ರಲ್ಲಿ ಇಂಗ್ಲಿಷರು ಅಮೆರಿಕದ ವರ್ಜೀನಿಯದಲ್ಲಿ ಜೇಮ್ಸ್‌ಟೌನ್ ಕೋಟೆಯನ್ನು ಕಟ್ಟಿದರು. ಅದು ಹೊಳೆಯ ಪಾಲಾಯಿತೆಂದೇ ಬಹುಕಾಲ ನಂಬಿಕೆಯಿತ್ತು. 1994ರಲ್ಲಿ ವಿಲಿಯಂ ಕೆಲ್ಸೊ ಅಗೆಯತೊಡಗಲು, ಕೋಟೆಯ ಮರಗಂಬಗಳು ನಿಂತಿದ್ದ ಗುರುತು ಮಣ್ಣಿನಲ್ಲಿ ಕಾಣಿಸಿತು. ಹಾಳುಬಾವಿ, ನೆಲಮಾಳಿಗೆಗಳಿಂದ ದೊರೆತವು ಯಾವುವು? ಮಡಕೆಯ ಚೂರು, ಗಾಜಿನ ಮಣಿ, ತಾಮ್ರದ ತುಣುಕು. ಈ ತಾಮ್ರವನ್ನು ಕೊಟ್ಟೇ ಅಲ್ಲಿಯ ಪೊಹಾಟನ್ ಜನರಿಂದ ಮುಸುಕಿನ ಜೋಳವನ್ನು ಪಡೆಯುತ್ತಿದ್ದರು.

ಅವರೊಡನೆ ಹಗೆ ಬೆಳೆದು ಜೋಳ ನಿಂತಿತು. 1609–10ರ ಚಳಿಗಾಲ ಕಳೆಯುವಷ್ಟರಲ್ಲಿ ಸುಮಾರು 300 ಜನರಲ್ಲಿ ಉಳಿದವರು 60 ಮಂದಿ. ಆ ಕಾಲದ ಕಸದಲ್ಲಿ ಕುದುರೆ, ನಾಯಿಗಳ ಮೂಳೆಗಳಿವೆ. 2012ರಲ್ಲಿ ಅವುಗಳ ನಡುವೆಯೇ, ಸುಮಾರು 14 ವರ್ಷದ ಬಾಲೆಯೊಬ್ಬಳ ತಲೆಬುರುಡೆ ಸಿಕ್ಕಿತು. ಅದರ ಮೇಲೂ ಕತ್ತಿಯ ಗುರುತು. ಹಸಿದವರು ಅವಳ ಶವವನ್ನೂ ಬಿಟ್ಟಿರಲಿಲ್ಲ.

ತಾಮ್ರವೇನೋ ಉಳಿದಿತ್ತು, ತಾಮ್ರವನ್ನು ತಿನ್ನಲಾದೀತೆ?