ಹಿಮ ಕುಸಿದಾಗ ಕೆಳಗಿದ್ದವರು ಯಾರು?

ಪಿಲ್ಲಗುಂಪೆಯವನಿಗೆ ಹಿಮದ ಉಸಾಬರಿ ಯಾಕೆ ಅಂತ ಕೇಳಬಹುದು. ನಮ್ಮ ಹೊಸಕೋಟೆ ಕಡೆ ಬೀಳೋದು ಆಲಿಕಲ್ಲು ಅಷ್ಟೇ. ಆದ್ರೆ ಈಗ ನಮ್ಮ ಕೇರಿಗಳ ಹುಡುಗ ಹುಡುಗಿಯರೂ ದುಡ್ಡು ಕೂಡಿಟ್ಟು ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋಗ್ತಿದ್ದಾರೆ. ಸಂತೋಷ. ಹೋಗೋ ಮೊದಲು ಈ ಚರಿತ್ರೆ ಗೊತ್ತಿರಲಿ.

1922ರ ಜೂನ್ 7, ಎವರೆಸ್ಟ್. ಭಾರೀ ಹಿಮ ಬಿದ್ದು ಒಂದೆರಡು ದಿನವಾಗಿತ್ತಷ್ಟೆ. ಮ್ಯಾಲರಿ, ಸಾಮರ್‌ವೆಲ್, ಕ್ರಾಫರ್ಡ್ ಎಂಬ ಮೂವರು ಬ್ರಿಟಿಷರು 14 ಹಮಾಲಿಗಳ ಜೊತೆ ಹತ್ತಿದರು. ಹಿಮ ಜಾರಿತು. ಏಳು ಹಮಾಲಿಗಳು ಸತ್ತರು, ಮೂವರು ಬ್ರಿಟಿಷರೂ ಬದುಕಿದರು. ಎವರೆಸ್ಟ್ ಹತ್ತುವಾಗ ಆದ ಮೊದಲ ದಾಖಲಿತ ಸಾವುಗಳೇ ಹೊರೆ ಹೊತ್ತವರದು.

ಹಿಮಕುಸಿತ ಹಣೆಬರಹ ಅಲ್ಲ. ಹಿಮ ಪದರ ಪದರವಾಗಿ ಕೂರುತ್ತೆ. ಒಳಗಿನ ಪದರ ಸಡಿಲವಾಗಿದ್ದು ಮೇಲೆ ಹೊಸ ಹಿಮದ ಭಾರ ಬಿದ್ದರೆ, ಒಬ್ಬರ ಹೆಜ್ಜೆಗೇ ಇಡೀ ಹಾಸು ಕಿತ್ತು ಬರಬಹುದು. 30ರಿಂದ 45 ಡಿಗ್ರಿ ಇಳಿಜಾರಲ್ಲಿ ಅಪಾಯ ಹೆಚ್ಚು. ಜೋರು ಹಿಮ ಸುರಿದ ಮರುದಿನ, ಗಾಳಿ ತಂದು ಗುಡ್ಡೆ ಹಾಕಿದ ಹಿಮ, ಕಾಲಡಿ ‘ಧುಪ್’ ಅನ್ನೋ ಸದ್ದು: ಇವೆಲ್ಲ ಎಚ್ಚರಿಕೆ. ಹೂತುಹೋದವರನ್ನು ಕಾಲು ಗಂಟೆಯೊಳಗೆ ತೆಗೆದರೆ ಬಹುಪಾಲು ಜನ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಕಷ್ಟ. ಗುರುತು ಹೇಳಿಕೊಟ್ಟು ಕಲಿಸಬಹುದು. ಆದ್ರೆ ಗುರುತು ಕಂಡಾಗ ‘ಇವತ್ತು ಬೇಡ’ ಅನ್ನೋ ಹಕ್ಕು ಯಾರಿಗಿದೆ?

2016ರ ಫೆಬ್ರವರಿ 3, ಸಿಯಾಚಿನ್. 19,600 ಅಡಿ ಎತ್ತರದ ಸೋನಂ ಠಾಣೆ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಮೂವರು ಕನ್ನಡಿಗರು: ಹಾಸನದ ತೇಜೂರಿನ ನಾಗೇಶ, ಎಚ್.ಡಿ. ಕೋಟೆಯ ಮಹೇಶ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆರನೇ ದಿನ ಹನುಮಂತಪ್ಪ ಉಸಿರಾಡ್ತಾ ಸಿಕ್ಕರು. ಇಡೀ ದೇಶ ಕಾದಿತ್ತು. ಫೆಬ್ರವರಿ 11ಕ್ಕೆ ತೀರಿಕೊಂಡರು. ಹೂ ಹಾಕಿದೆವು, ಫ್ಲೆಕ್ಸ್ ಕಟ್ಟಿದೆವು. 1984ರಿಂದ ಆ ಹಿಮದಲ್ಲಿ ಗುಂಡಿಗಿಂತ ಹವೆಗೆ ಸತ್ತವರೇ ಹೆಚ್ಚು. ಅಲ್ಲಿ ನಿಲ್ಲಬೇಕೋ ಬೇಡವೋ ಅಂತ ತೀರ್ಮಾನಿಸುವವರು ನಿಲ್ಲುವವರಲ್ಲ.

ಇದಕ್ಕೆ ಎರಡು ವರ್ಷ ಮೊದಲು, 2014ರ ಏಪ್ರಿಲ್ 18ರಂದು, ಎವರೆಸ್ಟಿನ ಖುಂಬು ಹಾದಿಯಲ್ಲಿ ಹಿಮ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು. ಸರ್ಕಾರ ಮೊದಲು ಘೋಷಿಸಿದ್ದು ತಲಾ 40,000 ನೇಪಾಳಿ ರೂಪಾಯಿ, ಅಂತ್ಯಕ್ರಿಯೆಗೆ! ಶೆರ್ಪಾಗಳು ಕೆಲಸ ನಿಲ್ಲಿಸಿದರು. ಆ ಕಡೆಯ ಸೀಸನ್ನೇ ಬಂದ್ ಆಯ್ತು. ಆಮೇಲೆ ವಿಮೆ ಏರಿತು, ಮರುವರ್ಷ ದಾರಿಯನ್ನೂ ಅಪಾಯದ ಅಂಚಿನಿಂದ ದೂರ ಸರಿಸಿದರು. ಹಿಮ ಬದಲಾಗಿರಲಿಲ್ಲ, ಹೊರುವವರು ಬಾಯಿ ಬಿಟ್ಟಿದ್ದರು.

ನಮಗಿದು ಅರ್ಥವಾಗದ ಮಾತೇ? ಮ್ಯಾನ್‌ಹೋಲ್ ಒಳಗೆ ವಿಷಗಾಳಿ ಇದೆ ಅಂತ ಇಳಿಯುವವನಿಗೂ ಗೊತ್ತು. ಕಾಯ್ದೆ 2013ರಲ್ಲೇ ಬಂತು. ‘ಇಳಿಯಲ್ಲ’ ಅಂದ್ರೆ ಸಂಜೆ ಒಲೆ ಹೊತ್ತಲ್ಲ, ಅದಕ್ಕೇ ಇಳೀತಾನೆ. ಸುರಕ್ಷತೆ ಅಂದ್ರೆ ಹೆಲ್ಮೆಟ್ಟು, ಹಗ್ಗ ಮಾತ್ರ ಅಲ್ಲ. ಒಲ್ಲೆ ಅನ್ನೋ ಹಕ್ಕು, ಆ ದಿನದ ಕೂಲಿ ಕಳೆಯದೆ.

ಅದಕ್ಕೇ ತಮ್ಮಂದಿರೇ, ತಂಗಿಯರೇ, ಬೆಟ್ಟಕ್ಕೆ ಹೊರಡೋ ಮುಂಚೆ ಕಂಪನಿಯವರನ್ನ ಮೂರು ಪ್ರಶ್ನೆ ಕೇಳಿ. ನಮ್ಮ ಹೊರೆ ಹೊರುವವರಿಗೆ ವಿಮೆ ಇದೆಯಾ? ಮಲಗೋಕೆ ಟೆಂಟ್, ಬೆಚ್ಚನೆ ಬಟ್ಟೆ ಇದೆಯಾ? ಹವೆ ಕೆಟ್ಟರೆ ಅವರು ವಾಪಸ್ ಅಂದ ತಕ್ಷಣ ಎಲ್ಲರೂ ವಾಪಸ್ಸಾ, ಕೂಲಿ ಹಿಡಿಯಲ್ಲ ತಾನೇ? ಸರಿಯಾದ ಉತ್ತರ ಬರದಿದ್ದರೆ ಅವರ ಜೊತೆ ಹೋಗಬೇಡಿ.

ಜೈ ಭೀಮ್.